ಬಿಡದ ಬೆನ್ನುನೋವು ಮತ್ತು ಸಿಬಿಟಿ: ನನ್ನ ಅನುಭವದ ನಾಲ್ಕು ಮಾತು



ಕಳೆದ ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಮೂರು ಜನ ಸ್ನೇಹಿತರು ಒಬ್ಬರಾದ ಮೇಲೆ ಒಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು. "ಏನ್ಸಾರ್, ನಿಮ್ಮ ಬೆನ್ನುನೋವು ವಾಸಿ ಆಯ್ತಂತೆ? ಯಾವ ಡಾಕ್ಟ್ರು?" ವಾಸಿ ಆಗಿಲ್ಲ, ಈಗಲೂ ನೋಯುತ್ತಿದೆ ಎಂದೆ. ಅವರ ಮುಖ ಸಪ್ಪಗಾಯಿತು. "ಮತ್ತೆ ಊರಿಗೆ ಹೋಗಿ ಮದುವೆ ಮುಗಿಸ್ಕೊಂಡು ಬಂದ್ರಂತಲ್ಲ?" ಹೌದು, ಹೋಗಿ ಬಂದೆ. "ಅದು ಹೇಗೆ?" ಎನ್ನುವಷ್ಟರಲ್ಲಿ ಪಾಯಸದ ಸರದಿ ಬಂತು, ಮಾತು ಅಲ್ಲಿಗೇ ನಿಂತಿತು. ಆ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಮುಂದುವರಿಸಿದ್ದೇನೆ.

ಮೊದಲೇ ಒಂದು ಮಾತು. ನಾನು ವೈದ್ಯನಲ್ಲ. ಮೂವತ್ತು ವರ್ಷ ಗಣಕಯಂತ್ರದ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡ, ನಿಮ್ಮಂಥದೇ ಒಬ್ಬ ಸಾಫ್ಟ್‌ವೇರ್ ಕೂಲಿ. ಇಲ್ಲಿರುವುದು ನಾನು ಅನುಭವಿಸಿದ್ದು, ಓದಿ ತಿಳಿದದ್ದು. ನಿಮ್ಮ ನೋವಿಗೆ ನಿಮ್ಮ ವೈದ್ಯರ ಮಾತೇ ಕೊನೆಯ ಮಾತು.

ಶುರುವಾದದ್ದು ಹೀಗೆ

೨೦೧೮ರ ಜನವರಿಯಲ್ಲಿ ಬಿದ್ದ ಹಿಮ ನಿಮಗೆ ನೆನಪಿರಬಹುದು. ಡ್ರೈವ್‌ವೇಯಲ್ಲಿ ಗುದ್ದಲಿಯಂಥ ಸಲಿಕೆ ಹಿಡಿದು ಹಿಮ ಎತ್ತಿ ಎಸೆಯುವಾಗ ಸೊಂಟದಲ್ಲಿ ಚಳುಕ್ ಎಂದಿತು. ಎರಡು ವಾರದಲ್ಲಿ ಹೋಗಬೇಕಾದ ನೋವು ಎರಡು ತಿಂಗಳಾದರೂ ಹೋಗಲಿಲ್ಲ, ಎರಡು ವರ್ಷವಾದರೂ ಹೋಗಲಿಲ್ಲ. ಎಂ.ಆರ್.ಐ. ಆಯಿತು, ಡಿಸ್ಕ್ ಉಬ್ಬಿದೆ ಎಂದರು. ಮಾತ್ರೆ, ಫಿಸಿಯೋಥೆರಪಿ, ಎರಡು ಸಲ ಬೆನ್ನಿಗೆ ಚುಚ್ಚುಮದ್ದು, ಊರಿನಿಂದ ಅಮ್ಮ ಕಳಿಸಿದ ತೈಲ, ಹೊಸ ಹಾಸಿಗೆ, ಅದಕ್ಕಿಂತ ಹೊಸ ಕುರ್ಚಿ… ಒಂದೊಂದೂ ಒಂದಿಷ್ಟು ದಿನ ಆಸೆ ತೋರಿಸಿ ಕೈಬಿಟ್ಟವು.

ನೋವಿಗಿಂತ ಹೆಚ್ಚು ಬೆಳೆದದ್ದು ಹೆದರಿಕೆ. ಬಗ್ಗಿದರೆ ಎಲ್ಲಿ ಹಿಡಿದುಕೊಳ್ಳುತ್ತದೋ ಎಂದು ಬಗ್ಗುವುದು ಬಿಟ್ಟೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂರುವುದು ಬಿಟ್ಟೆ. ಮೊದಲು ಕೂಟದ ಕಾರ್ಯಕ್ರಮಗಳಲ್ಲಿ ಕುರ್ಚಿ ಜೋಡಿಸುತ್ತಿದ್ದವನು ಆಮೇಲೆ ಕಾರ್ಯಕ್ರಮಕ್ಕೆ ಬರುವುದನ್ನೇ ಬಿಟ್ಟೆ. ೨೦೨೨ರ ನವೆಂಬರಿನಲ್ಲಿ ನಮ್ಮಕ್ಕನ ದೊಡ್ಡ ಮಗಳ ಮದುವೆ ಹಾಸನದಲ್ಲಿ ನಡೆಯಿತು. ನಾನು ಅವಳಿಗೆ ಇರುವ ಒಬ್ಬನೇ ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು. ವಿಮಾನದಲ್ಲಿ ಅಷ್ಟು ಗಂಟೆ ಕೂರಲಾರೆ ಎಂದು ಹೋಗಲಿಲ್ಲ. ಬೇರೆ ಯಾರೋ ದೂರದ ನೆಂಟರು ನನ್ನ ಜಾಗದಲ್ಲಿ ನಿಂತು ಅವಳ ಕೈ ಹಿಡಿದು ಕರೆತಂದರು. ರಾತ್ರಿ ಹನ್ನೆರಡಕ್ಕೆ ಎದ್ದು, ಸೋಫಾದ ಮೇಲೆ ಅಡ್ಡಾಗಿ ಮಲಗಿ, ಫೋನಿನಲ್ಲಿ ಅದನ್ನು ನೋಡಿದೆ. ಅಕ್ಕ ಏನೂ ಅನ್ನಲಿಲ್ಲ. "ಆರೋಗ್ಯ ನೋಡ್ಕೋ ಕಣೋ" ಎಂದಳು, ಅಷ್ಟೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮುಂದಿನ ತಿಂಗಳು ನಮ್ಮ ಮನೆಯ ವೈದ್ಯರು "ಒಬ್ಬ ಪೇನ್ ಸೈಕಾಲಜಿಸ್ಟ್ ಬಳಿ ಸಿಬಿಟಿಗೆ ಹೋಗಿ ನೋಡಿ" ಎಂದರು. ನನಗೆ ಸಿಟ್ಟೇ ಬಂತು. ಬೆನ್ನು ನೋಯುತ್ತಿದೆ ಎಂದರೆ ಮನಶ್ಶಾಸ್ತ್ರಜ್ಞರ ಹತ್ತಿರ ಕಳಿಸುತ್ತಾರಲ್ಲ, ನನ್ನ ನೋವು ಸುಳ್ಳು ಎಂದು ಇವರ ಅಭಿಪ್ರಾಯವೇ? ನನಗೇನು ತಲೆ ಕೆಟ್ಟಿದೆಯೇ? ಆ ಚೀಟಿ ಮೂರು ತಿಂಗಳು ಫ್ರಿಜ್ಜಿನ ಮೇಲೆ ಅಯಸ್ಕಾಂತದ ಕೆಳಗೆ ಕೂತಿತ್ತು. ಕೊನೆಗೆ ೨೦೨೩ರ ಮಾರ್ಚಿನಲ್ಲಿ ಹೆಂಡತಿಯ ಒತ್ತಾಯಕ್ಕೆ ಹೋದೆ.

ಒಗ್ಗರಣೆಗೆ ಕೂಗುವ ಗಂಟೆ

ಮೊದಲ ದಿನವೇ ಆಕೆ (ನನ್ನ ಥೆರಪಿಸ್ಟ್) ಸ್ಪಷ್ಟವಾಗಿ ಹೇಳಿದರು: "ನಿಮ್ಮ ನೋವು ನಿಜ. ಅದನ್ನು ನೀವು ಕಲ್ಪಿಸಿಕೊಂಡಿಲ್ಲ." ಆಮೇಲೆ ನೋವು ಎಂದರೇನು ಎಂಬ ಪಾಠ ಶುರುವಾಯಿತು.

ಈ ದೇಶದ ಮನೆಗಳಲ್ಲಿ ನಾವೆಲ್ಲ ಕಂಡ ದೃಶ್ಯವೊಂದಿದೆ. ಎಣ್ಣೆ ಕಾಯಿಸಿ, ಸಾಸಿವೆ, ಒಣಮೆಣಸಿನಕಾಯಿ, ಇಂಗು ಹಾಕಿ ಒಗ್ಗರಣೆ ಕೊಟ್ಟ ತಕ್ಷಣ ಛಾವಣಿಯ ಸ್ಮೋಕ್ ಅಲಾರಂ ಬೊಬ್ಬೆ ಹೊಡೆಯುತ್ತದೆ. ಒಬ್ಬರು ಕಿಟಕಿ ತೆಗೆಯುತ್ತಾರೆ, ಇನ್ನೊಬ್ಬರು ಕುರ್ಚಿ ಹತ್ತಿ ಟವೆಲ್ ಬೀಸುತ್ತಾರೆ. ಗಂಟೆ ಕೂಗಿದ್ದು ನಿಜ, ಹೊಗೆ ಇದ್ದದ್ದೂ ನಿಜ. ಆದರೆ ಮನೆಗೆ ಬೆಂಕಿ ಬಿದ್ದಿಲ್ಲ. ಮೂರು ತಿಂಗಳಿಗೂ ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇಂಥ ನೋವಿನಲ್ಲಿ ಎಷ್ಟೋ ಸಲ ಮೊದಲ ಗಾಯ ಮಾಗಿದ್ದರೂ ಎಚ್ಚರಿಕೆಯ ಗಂಟೆ ಮಾತ್ರ ಅತಿ ಸೂಕ್ಷ್ಮವಾಗಿ ಉಳಿದುಬಿಟ್ಟಿರುತ್ತದೆ. ಗಾಯದ ನಂತರ ಬೆನ್ನುಹುರಿಯ ನರಗಳೇ ಹೀಗೆ ಸೂಕ್ಷ್ಮವಾಗಬಲ್ಲವು ಎಂದು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ ೧೯೮೩ರಲ್ಲಿ ತೋರಿಸಿದರು.

ನನ್ನ ಎಂ.ಆರ್.ಐ.ನ ಉಬ್ಬಿದ ಡಿಸ್ಕಿನ ಕಥೆಯೂ ಇಲ್ಲೇ ಬಿಚ್ಚಿಕೊಂಡಿತು. ಬೆನ್ನುನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಒಂದು ಲೇಖನ ೨೦೧೫ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೇ ಶೇಕಡ ೩೦ ಮಂದಿಗೆ, ಐವತ್ತರ ವಯಸ್ಸಿನವರಲ್ಲಿ ಶೇಕಡ ೬೦ ಮಂದಿಗೆ ಡಿಸ್ಕ್ ಉಬ್ಬಿರುತ್ತದೆ! ತಲೆಕೂದಲು ನೆರೆತಂತೆ ಅದು. ನಾನೋ ಆ ವರದಿಯನ್ನು ಮರಣಪತ್ರದಂತೆ ಬೀರುವಿನಲ್ಲಿಟ್ಟುಕೊಂಡು ನಾಲ್ಕು ವರ್ಷ ಕಳೆದಿದ್ದೆ.

ಇನ್ನು ಮನಸ್ಸಿಗೂ ನೋವಿಗೂ ಏನು ಸಂಬಂಧ? ಎರಡನೇ ಮಹಾಯುದ್ಧದಲ್ಲಿ, ೧೯೪೪ರಲ್ಲಿ, ಇಟಲಿಯ ಆಂಜಿಯೋ ಎಂಬಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ಸೇನಾ ವೈದ್ಯರು ಒಂದು ವಿಚಿತ್ರ ಕಂಡರು. ಭಾರಿ ಗಾಯಗೊಂಡ ಸೈನಿಕರಲ್ಲಿ ಹೆಚ್ಚಿನವರು ನೋವಿನ ಮದ್ದು ಬೇಕೆಂದು ಕೇಳಲೇ ಇಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ ಅದಕ್ಕಿಂತ ಚಿಕ್ಕ ಗಾಯಕ್ಕೆ ಜನ ಮಾರ್ಫಿನ್ ಕೇಳುತ್ತಾರೆ. ಸೈನಿಕನಿಗೆ ಆ ಗಾಯದ ಅರ್ಥ 'ಬದುಕಿದೆ, ಇನ್ನು ಮನೆಗೆ ಹೋಗಬಹುದು' ಎಂದು. ಹಾಗಾಗಿ ನೋವಿನ ತೀವ್ರತೆ ಗಾಯದ ಗಾತ್ರವೊಂದನ್ನೇ ಅವಲಂಬಿಸಿಲ್ಲ ಎಂದು ಬೀಚರ್ ಬರೆದರು. ೧೯೬೫ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೆ 'ಗೇಟ್ ಕಂಟ್ರೋಲ್' ಎಂಬ ಸಿದ್ಧಾಂತ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂದಿಟ್ಟುಕೊಳ್ಳಿ. ದೇಹದಿಂದ ಬರುವ ಸಂದೇಶ ಅದರ ಮೂಲಕ ಮಿದುಳಿಗೆ ಹೋಗಬೇಕು. ಮಿದುಳೂ ಮೇಲಿನಿಂದ ಆ ಬಾಗಿಲನ್ನು ತೆರೆಯಬಲ್ಲದು, ಓರೆ ಮಾಡಬಲ್ಲದು. ಅದರ ಕೆಲವು ವಿವರಗಳನ್ನು ಮುಂದಿನ ಸಂಶೋಧನೆ ತಿದ್ದಿದೆ. ಆದರೆ ಮಿದುಳು ನೋವನ್ನು ಹೆಚ್ಚುಕಡಿಮೆ ಮಾಡಬಲ್ಲದು ಎಂಬ ಮೂಲ ಮಾತು ನಿಂತಿದೆ. ಹೆದರಿಕೆ, ನಿದ್ದೆಗೇಡು, ಬೇಸರ, ಸದಾ ನೋವಿನ ಮೇಲೇ ಗಮನ ಇವೆಲ್ಲ ಬಾಗಿಲನ್ನು ಅಗಲ ಮಾಡುತ್ತವೆ. ನೆಮ್ಮದಿ, ಚಲನೆ, ಒಳ್ಳೆಯ ಸಹವಾಸ ಅದನ್ನು ಕಿರಿದು ಮಾಡುತ್ತವೆ.

ಸಿಬಿಟಿ ಎಂದರೇನು?

ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. ಯೋಚನೆ ಮತ್ತು ನಡವಳಿಕೆಗಳನ್ನು ಹಿಡಿದು ಮಾಡುವ ಚಿಕಿತ್ಸೆ ಎನ್ನಬಹುದು. ಇದು ಹುಟ್ಟಿದ್ದು ನಮ್ಮ ಈ ಆಸುಪಾಸಿನಲ್ಲೇ ಎಂಬುದು ನಿಮಗೆ ಸೋಜಿಗವೆನಿಸಬಹುದು. ಆಲ್ಬರ್ಟ್ ಎಲಿಸ್ ೧೯೫೦ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕೆ ಅಣ್ಣನಂಥ ಒಂದು ಪದ್ಧತಿ ಶುರುಮಾಡಿದರು. ಮ್ಯಾನ್‌ಹ್ಯಾಟನ್‌ನಲ್ಲಿ ಶುಕ್ರವಾರದ ಸಂಜೆಗಳಲ್ಲಿ ಸಾರ್ವಜನಿಕರ ಎದುರಿಗೇ ಚಿಕಿತ್ಸೆ ಮಾಡಿ ತೋರಿಸುವುದನ್ನು ದಶಕಗಳ ಕಾಲ ನಡೆಸಿದ ಅವರು ೨೦೦೭ರಲ್ಲಿ ತೀರಿಕೊಂಡರು. ಆರನ್ ಬೆಕ್ ೧೯೬೦ರ ದಶಕದಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಖಿನ್ನತೆಗೆ ಈ ಚಿಕಿತ್ಸೆಯನ್ನು ರೂಪಿಸಿದರು. ನೂರು ವರ್ಷ ತುಂಬಿ ಬಾಳಿ, ೨೦೨೧ರ ನವೆಂಬರಿನಲ್ಲಿ ಕಾಲವಾದರು. ನೋವಿನ ಕಡೆಗೆ ಈ ದಾರಿಯನ್ನು ತಿರುಗಿಸಿದವರಲ್ಲಿ ಸಿಯಾಟಲ್‌ನ ವಿಲ್ಬರ್ಟ್ ಫೋರ್ಡೈಸ್ ಮೊದಲಿಗರು. ೧೯೭೬ರ ಅವರ ಪುಸ್ತಕ ನೋವಿನ ಜೊತೆ ನಮ್ಮ ನಡವಳಿಕೆ ಹೇಗೆ ಹೆಣೆದುಕೊಳ್ಳುತ್ತದೆ ಎಂದು ವಿವರಿಸಿತು. ೧೯೮೩ರಲ್ಲಿ ಡೆನ್ನಿಸ್ ಟರ್ಕ್ ಮತ್ತು ಸಂಗಡಿಗರು ಯೋಚನೆಯ ಭಾಗವನ್ನೂ ಸೇರಿಸಿ ಇಡೀ ಪದ್ಧತಿಯನ್ನು ಪುಸ್ತಕವಾಗಿ ಬರೆದರು.

ಇದರ ತಿರುಳು ನಮಗೆ ಹೊಸತಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆವರುವವನ ಕಥೆ ಕೇಳದ ಕನ್ನಡಿಗರಿಲ್ಲ. ನೋವಿನ ವಿಷಯದಲ್ಲಿ ಹಗ್ಗವೂ ನಿಜವೇ, ಅದು ಕಾಲಿಗೆ ತೊಡರುವುದೂ ನಿಜವೇ. ಆದರೆ ಅದರ ಮೇಲೆ ನಾವು ಹೂಡುವ ಹೆಡೆ, ವಿಷ, ಸಾವು ಇವು ನಮ್ಮ ಸೇರ್ಪಡೆ. ಸಿಬಿಟಿ ಈ ಸೇರ್ಪಡೆಯನ್ನು ದೀಪ ಹಿಡಿದು ನೋಡಲು ಕಲಿಸುತ್ತದೆ.

ಎರಡು ಅಂಕಣದ ಲೆಕ್ಕಪುಸ್ತಕ

ನನ್ನ ಮೊದಲ ಮನೆಗೆಲಸ ಒಂದು ನೋಟುಪುಸ್ತಕ. ನೋವು ಹೆಚ್ಚಾದಾಗ ಒಂದು ಕಡೆ ಏನಾಯಿತು, ಇನ್ನೊಂದು ಕಡೆ ಆ ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋದದ್ದೇನು ಎಂದು ಬರೆಯಬೇಕು. ಮೊದಲ ವಾರ ಇಂಗ್ಲಿಷಿನಲ್ಲಿ ಬರೆದೆ. ಎಲ್ಲ ಆಫೀಸಿನ ವರದಿಯಂತೆ ಕಂಡಿತು. ಆಕೆ ಅದನ್ನು ನೋಡಿ "ನೋವಾದಾಗ ನೀವು ಯಾವ ಭಾಷೆಯಲ್ಲಿ ಯೋಚಿಸುತ್ತೀರಿ?" ಎಂದು ಕೇಳಿದರು. ಇನ್ನಾವ ಭಾಷೆ! ಹಾಗಾದರೆ ಅದರಲ್ಲೇ ಬರೆಯಿರಿ, ನನಗೆ ಆಮೇಲೆ ಅರ್ಥ ಹೇಳಿ ಎಂದರು. ಅಂದಿನಿಂದ ಬರೆದದ್ದು ನನ್ನದಾಯಿತು. ಚಳುಕು, ಸೆಳೆತ, ಉರಿ, ಜೋಮು, ಹಿಡಿತ… ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ಪೇನ್' ಎಂದು ಒಂದೇ ಸುಣ್ಣ ಬಳಿದಿದ್ದೆನಲ್ಲ!

ಒಂದು ಮಂಗಳವಾರದ ಪುಟ ಹೀಗಿದೆ. ಏನಾಯಿತು: ಮೆಟ್ರೋಪಾರ್ಕಿನಲ್ಲಿ ರೈಲು ಹತ್ತಿ ಕೂತೆ, ರಾವೇ ಹತ್ತಿರ ಸೊಂಟದಲ್ಲಿ ಚಳುಕು. ತಲೆಯಲ್ಲಿ ಬಂದದ್ದು: "ಶುರುವಾಯ್ತು. ಡಿಸ್ಕ್ ಪೂರ್ತಿ ಜಾರಿತು. ಇನ್ನು ಆಪರೇಷನ್ನೇ ಗತಿ. ಅದೂ ಕೆಟ್ಟರೆ ಗಾಲಿಕುರ್ಚಿ. ಕೆಲಸ ಹೋಗುತ್ತೆ. ಮನೆ ಸಾಲ ಯಾರು ಕಟ್ಟೋದು?" ರಾವೇಯಲ್ಲಿ ಚಳುಕು, ನ್ಯೂಅರ್ಕ್ ಬರುವಷ್ಟರಲ್ಲಿ ಮನೆ ಹರಾಜು! ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಗಾದೆ. ನಾನು ಹೊಲಿಯುತ್ತಿದ್ದದ್ದು ಕುಲಾವಿಯನ್ನೂ ಅಲ್ಲ, ನೇರವಾಗಿ ಶವದ ಬಟ್ಟೆಯನ್ನೇ. ಈ ಅಭ್ಯಾಸಕ್ಕೆ ತಜ್ಞರು 'ಕಟಾಸ್ಟ್ರೊಫೈಸಿಂಗ್' ಎನ್ನುತ್ತಾರೆ. ಎಲ್ಲ ಕೆಡುಕಾಗಿಯೇ ಮುಗಿಯುತ್ತದೆ ಎಂದು ಮನಸ್ಸು ತೀರ್ಮಾನಿಸಿಬಿಡುವುದು. ಇದನ್ನು ಅಳೆಯುವ ಹದಿಮೂರು ಪ್ರಶ್ನೆಗಳ ಪಟ್ಟಿಯೊಂದನ್ನು ೧೯೯೫ರಲ್ಲಿ ಮೈಕಲ್ ಸಲಿವನ್ ಮತ್ತು ಸಹೋದ್ಯೋಗಿಗಳು ಮಾಡಿದರು; ನಾನೂ ಅದನ್ನು ತುಂಬಿದೆ. ಪರೀಕ್ಷೆಯಲ್ಲಿ ಎಂದೂ ಅಷ್ಟು ಅಂಕ ಬಂದಿರಲಿಲ್ಲ!

ಇದಕ್ಕೆ ಮದ್ದು 'ಎಲ್ಲ ಒಳ್ಳೆಯದಾಗುತ್ತೆ ಬಿಡು' ಎಂದು ಸಮಾಧಾನ ಹೇಳಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅಂಥ ಮಾತನ್ನು ಮನಸ್ಸು ನಂಬುವುದೂ ಇಲ್ಲ. ಮಾಡಬೇಕಾದದ್ದು ಸಾಕ್ಷಿ ವಿಚಾರಣೆ. ಇಂಥ ಚಳುಕು ಹಿಂದೆ ಎಷ್ಟು ಸಲ ಬಂದಿದೆ? ಲೆಕ್ಕವಿಲ್ಲ. ಅದರಲ್ಲಿ ಎಷ್ಟು ಸಲ ಆಪರೇಷನ್ ಆಯಿತು? ಒಂದು ಸಲವೂ ಇಲ್ಲ. ಸಾಮಾನ್ಯವಾಗಿ ಎಷ್ಟು ಹೊತ್ತು ಇರುತ್ತದೆ? ಎರಡು ಗಂಟೆಯಿಂದ ಎರಡು ದಿನ. ಇಷ್ಟು ಬರೆದ ಮೇಲೆ ಮೂರನೆಯ ಸಾಲು: "ನೋವಿದೆ, ಹಿತವಾಗಿಲ್ಲ. ಹಿಂದೆಲ್ಲ ಎರಡು ದಿನದಲ್ಲಿ ಇಳಿದಿದೆ. ಪೆನ್ ಸ್ಟೇಷನ್‌ನಲ್ಲಿ ಇಳಿದು ಐದು ನಿಮಿಷ ನಡೆದು ಆಮೇಲೆ ಆಫೀಸಿಗೆ ಹೋಗುತ್ತೇನೆ." ಇದರಲ್ಲಿ ಯಾವ ಮಂತ್ರವೂ ಇಲ್ಲ. ಆದರೆ ಹೀಗೆ ಬರೆದ ದಿನ ಭುಜ ಬಿಗಿಯುವುದು ನಿಂತು, ಉಸಿರು ಕೆಳಗಿಳಿದು, ನೋವು ಎಂಟರಿಂದ ಆರಕ್ಕೆ ಬರುತ್ತಿತ್ತು. ಚಿಂತೆಗೂ ಚಿತೆಗೂ ಸೊನ್ನೆಯೊಂದೇ ವ್ಯತ್ಯಾಸ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆ ಸೊನ್ನೆಯನ್ನು ಹೇಗೆ ಹಿಡಿಯಬೇಕು ಎನ್ನುವುದನ್ನು ಈ ಪುಸ್ತಕ ಕಲಿಸಿತು.

ಹನಿ ಹನಿ ಗೂಡಿದರೆ ಹಳ್ಳ

ಎರಡನೆಯ ಪಾಠ ನಡವಳಿಕೆಯದು. ನೋವು ಕಡಿಮೆ ಇದ್ದ ದಿನ ನಾನು ಬಾಕಿ ಉಳಿದ ಕೆಲಸವನ್ನೆಲ್ಲ ಒಂದೇ ಸಲ ಮಾಡಿಬಿಡುತ್ತಿದ್ದೆ. ಹುಲ್ಲು ಕತ್ತರಿಸಿ, ಗರಾಜು ಗುಡಿಸಿ, ಪಟೇಲ್ ಬ್ರದರ್ಸ್‌ನಿಂದ ಇಪ್ಪತ್ತು ಪೌಂಡ್ ಅಕ್ಕಿಮೂಟೆ ಹೊತ್ತು ತಂದು, ಮರುದಿನದಿಂದ ಮೂರು ದಿನ ಹಾಸಿಗೆ. ಹಾಸಿಗೆಯಲ್ಲಿ ಮಲಗಿದಷ್ಟೂ ಸ್ನಾಯುಗಳು ಸೋಲುತ್ತವೆ, ಮುಂದಿನ ಸಲ ಇನ್ನೂ ಬೇಗ ನೋಯುತ್ತದೆ, ಹೆದರಿಕೆ ಇನ್ನೂ ಬೆಳೆಯುತ್ತದೆ. ಹೆದರಿ ದೂರ ಸರಿಯುವುದೇ ಹೇಗೆ ಅಂಗವಿಕಲತೆಗೆ ದಾರಿಯಾಗುತ್ತದೆ ಎನ್ನುವ ಈ ಸುಳಿಯನ್ನು ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ ೨೦೦೦ದಲ್ಲಿ ಒಂದು ಪ್ರಸಿದ್ಧ ಲೇಖನದಲ್ಲಿ ವಿವರಿಸಿದ್ದಾರೆ.

ಇದರಿಂದ ಹೊರಬರುವ ಉಪಾಯಕ್ಕೆ 'ಪೇಸಿಂಗ್' ಎಂದು ಹೆಸರು. ನೋವು ಹೇಳಿದಾಗ ನಿಲ್ಲಿಸುವುದಲ್ಲ, ಗಡಿಯಾರ ಹೇಳಿದಾಗ ನಿಲ್ಲಿಸುವುದು. ನನ್ನ ಲೆಕ್ಕ ಹೀಗಿತ್ತು. ಮೂರು ದಿನ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲೆ ಎಂದು ಅಳೆದೆ: ೧೮, ೨೫, ೧೭ ನಿಮಿಷ. ಸರಾಸರಿ ೨೦. ಅದರಲ್ಲಿ ಐದರಲ್ಲಿ ನಾಲ್ಕು ಭಾಗ, ಅಂದರೆ ೧೬ ನಿಮಿಷ, ನನ್ನ ಆರಂಭ. ೧೬ ನಿಮಿಷಕ್ಕೆ ಫೋನು ಕೂಗಿದರೆ, ಬೆನ್ನು ಚೆನ್ನಾಗಿದ್ದರೂ ಏಳಲೇಬೇಕು. ಎರಡು ನಿಮಿಷ ಓಡಾಡಿ ಮತ್ತೆ ಕೂರಬೇಕು. ಬೆನ್ನು ಕೆಟ್ಟಿದ್ದರೂ, ಆದಷ್ಟು, ೧೬ ನಿಮಿಷ ಪೂರೈಸಬೇಕು. ವಾರಕ್ಕೆ ಎರಡೇ ನಿಮಿಷ ಹೆಚ್ಚಿಸಬೇಕು. ಲೆಕ್ಕದ ಪ್ರಕಾರ ೬೦ ನಿಮಿಷ ಮುಟ್ಟಲು ೨೨ ವಾರ ಸಾಕು. ನಡುವೆ ಎರಡು ಸಲ ನೋವು ಕೆರಳಿ ಹಿಂದೆ ಬಿದ್ದದ್ದರಿಂದ ನನಗೆ ಏಳು ತಿಂಗಳು ಹಿಡಿಯಿತು. ಹಿಂದೆ ಬೀಳುವುದೂ ಲೆಕ್ಕದಲ್ಲಿರಬೇಕು. ಅಂಥ ದಿನಗಳಿಗೆ ಏನು ಮಾಡಬೇಕೆಂದು ಮೊದಲೇ ಒಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದೆ: ಅರ್ಧಕ್ಕೆ ಇಳಿಸು, ಪೂರ್ತಿ ನಿಲ್ಲಿಸಬೇಡ, ಬಿಸಿನೀರಿನ ಚೀಲ, ನಿಧಾನ ಉಸಿರು, ಅಕ್ಕನಿಗೆ ಫೋನು.

ಜೊತೆಗೆ ಹೊಟ್ಟೆಯಿಂದ ಉಸಿರಾಡುವುದು, ಒಂದೊಂದೇ ಸ್ನಾಯುವನ್ನು ಬಿಗಿಹಿಡಿದು ಸಡಿಲ ಬಿಡುವುದು. ಶವಾಸನ ಮಾಡಿದವರಿಗೆ ಇದರ ಸುಖ ಗೊತ್ತು. ನಿದ್ದೆಗೂ ಪಾಠವಿತ್ತು: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಹೋಗುವುದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿಬಿಟಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ೨೦೧೬ರಲ್ಲೇ ಸಲಹೆ ಕೊಟ್ಟಿದೆ.

ಮನೆಯವರಿಗೊಂದು ಮಾತು

ಇದು ಮನೆಯವರಿಗೂ ಕಷ್ಟದ ಪಾಠ. ನಾನು "ಅಮ್ಮಾ" ಎಂದರೆ ಸಾಕು, ನನ್ನಾಕೆ ಓಡಿಬಂದು "ನೀವು ಮಲಗಿ ರೀ, ನಾನು ಮಾಡ್ತೀನಿ" ಎನ್ನುತ್ತಿದ್ದಳು. ಪ್ರೀತಿಯೇ. ಆದರೆ ನಾಲ್ಕು ವರ್ಷದಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ಕಸದ ಡಬ್ಬಿ ರಸ್ತೆಗಿಡುವವರೆಗೆ ಎಲ್ಲ ಅವಳ ಪಾಲಿಗೆ ಹೋಗಿತ್ತು, ನಾನು ಮನೆಯಲ್ಲಿ ಅತಿಥಿಯಾಗಿದ್ದೆ. ನರಳಿದಾಗ ಸಿಗುವ ಉಪಚಾರ ನರಳುವುದನ್ನೇ ಗಟ್ಟಿಮಾಡಬಹುದು ಎಂದು ಫೋರ್ಡೈಸ್ ಹೇಳಿದ್ದು ಇದನ್ನೇ. ಒಂದು ದಿನ ಅವಳನ್ನೂ ಥೆರಪಿಸ್ಟ್ ಕರೆಸಿದರು. ಅಲ್ಲಿಂದ ಬರುವಾಗ ಕಾರಿನಲ್ಲಿ "ನನಗೂ ಸುಸ್ತಾಗಿದೆ ಕಣ್ರೀ" ಎಂದಳು. ಅಷ್ಟು ವರ್ಷಗಳಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು, ನಾನು ಕೇಳಿಸಿಕೊಂಡದ್ದೂ ಅದೇ ಮೊದಲು. ಆಮೇಲೆ ನಾವು ಮಾಡಿಕೊಂಡ ಒಪ್ಪಂದ: "ನೋವು ಹೇಗಿದೆ?" ಎಂದು ದಿನಕ್ಕೆ ಹತ್ತು ಸಲ ಕೇಳುವುದು ಬೇಡ; "ಇವತ್ತು ಏನು ಮಾಡಿದ್ರಿ?" ಎಂದು ಒಂದು ಸಲ ಕೇಳಿದರೆ ಸಾಕು. ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂತು, ಹತ್ತು ಹತ್ತು ನಿಮಿಷದ ಕಂತಿನಲ್ಲಿ.

'ತಾಳಿದವನು ಬಾಳಿಯಾನು' ಎಂದು ನಾವು ಬೆಳೆದವರು. ಒಳ್ಳೆಯ ಮಾತೇ. ಆದರೆ ಹಲ್ಲು ಕಚ್ಚಿ ಬಾಯಿಮುಚ್ಚಿಕೊಂಡಿರುವುದನ್ನು ನಾನು ತಾಳ್ಮೆ ಎಂದುಕೊಂಡಿದ್ದೆ. ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ಹೇಳಬೇಕು. ಸಂಧಿನೋವು, ಮೈಗ್ರೇನ್ ಇಟ್ಟುಕೊಂಡೇ ನೂರು ಜನಕ್ಕೆ ಬಿಸಿಬೇಳೆಬಾತ್ ಮಾಡಿ, ಮರುದಿನ ಕತ್ತಲೆ ಕೋಣೆಯಲ್ಲಿ ಮಲಗುವವರು ನಮ್ಮ ಕೂಟದಲ್ಲೇ ಇದ್ದಾರೆ.

ಎಷ್ಟು ಗುಣ ಬರುತ್ತದೆ?

ಉತ್ಪ್ರೇಕ್ಷೆ ಬೇಡ. ಕಾಕ್ರೇನ್ ಎಂಬ ಸಂಸ್ಥೆ ೨೦೨೦ರಲ್ಲಿ ೭೫ ಅಧ್ಯಯನಗಳನ್ನು ತೂಗಿ ನೋಡಿತು. ಸಿಬಿಟಿಯಿಂದ ನೋವು, ಅಶಕ್ತತೆ, ಮನಸ್ಸಿನ ಸಂಕಟ ಮೂರರಲ್ಲೂ ಲಾಭವಿದೆ, ಆದರೆ ಸರಾಸರಿ ಲೆಕ್ಕದಲ್ಲಿ ಅದು ಸಣ್ಣ ಲಾಭ ಎಂದು ಅದರ ತೀರ್ಪು. ೨೦೧೬ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸೊಂಟನೋವಿನ ೩೪೨ ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ದಿನನಿತ್ಯದ ಓಡಾಟದಲ್ಲಿ ಗಮನಾರ್ಹ ಸುಧಾರಣೆ ಕಂಡವರು ಮಾಮೂಲಿ ಚಿಕಿತ್ಸೆಯಲ್ಲಿ ಶೇಕಡ ೪೪, ಸಿಬಿಟಿಯಲ್ಲಿ ಶೇಕಡ ೫೮, ಧ್ಯಾನ ಮತ್ತು ಯೋಗ ಸೇರಿದ ಇನ್ನೊಂದು ತರಗತಿಯಲ್ಲಿ ಶೇಕಡ ೬೧. ಅಂದರೆ ಇದು ಪವಾಡವಲ್ಲ, ಇದೊಂದೇ ದಾರಿಯೂ ಅಲ್ಲ. ಆದರೆ ೨೦೧೭ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ದೀರ್ಘಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಸಿಬಿಟಿ ಮುಂತಾದವನ್ನು ಪ್ರಯತ್ನಿಸಿ ಎಂದಿದೆ. ಅಫೀಮಿನ ಜಾತಿಯ ಮಾತ್ರೆಗಳು ಈ ದೇಶದಲ್ಲಿ ಮಾಡಿರುವ ಅನಾಹುತ ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಕೆಲವು ಎಚ್ಚರಿಕೆಗಳು

ಬೆನ್ನುನೋವಿನ ಜೊತೆಗೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಯ ಸಂಧಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಕಾಲಿನ ಬಲ ಹಠಾತ್ತನೆ ಕುಂದಿದರೆ ತಡಮಾಡದೆ ಎಮರ್ಜೆನ್ಸಿಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು ಇದ್ದರೆ ವೈದ್ಯರಿಗೆ ಮೊದಲು ತಿಳಿಸಿ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಇನ್ನೊಂದು ಮಾತು: ವರ್ಷಗಟ್ಟಲೆ ನೋವಿನೊಡನೆ ಖಿನ್ನತೆ ಬರುವುದು ಸಾಮಾನ್ಯ. ಹೀಗೆ ಬದುಕುವುದಕ್ಕಿಂತ ಇಲ್ಲದಿರುವುದೇ ಮೇಲು ಎಂಬ ಯೋಚನೆ ಬಂದರೆ ಅದನ್ನು ನೋಟುಪುಸ್ತಕದಲ್ಲಿ ಬರೆದು ಸುಮ್ಮನಾಗಬೇಡಿ. ೯೮೮ಕ್ಕೆ ಫೋನು ಮಾಡಿ. ೨೦೨೨ರ ಜುಲೈಯಿಂದ ಇದು ದೇಶದಾದ್ಯಂತ ಹಗಲಿರುಳು ಇದೆ. ಊರಿನಲ್ಲಿರುವ ಅಪ್ಪ-ಅಮ್ಮಂದಿರಿಗೆ ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್, ೧೪೪೧೬, ೨೦೨೨ರ ಅಕ್ಟೋಬರಿನಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿ ಹುಡುಕುವುದು?

ಮೊದಲು ನಿಮ್ಮ ಮನೆಯ ವೈದ್ಯರನ್ನು ಕೇಳಿ, ಆಮೇಲೆ ಇನ್ಶೂರೆನ್ಸ್‌ನವರ ಪಟ್ಟಿ ನೋಡಿ. ನ್ಯೂಯಾರ್ಕಿನಲ್ಲಿ ಕಚೇರಿ ಇರುವ ಅಸೋಸಿಯೇಷನ್ ಫಾರ್ ಬಿಹೇವಿಯರಲ್ ಅಂಡ್ ಕಾಗ್ನಿಟಿವ್ ಥೆರಪೀಸ್ ಎಂಬ ಸಂಘದ ಜಾಲತಾಣದಲ್ಲಿ ಊರಿನ ಪ್ರಕಾರ ಥೆರಪಿಸ್ಟರನ್ನು ಹುಡುಕಬಹುದು. ಮ್ಯಾನ್‌ಹ್ಯಾಟನ್‌ನಲ್ಲಿ ಎಲಿಸ್ ಅವರ ಹೆಸರಿನ ಸಂಸ್ಥೆ ಇದೆ. ನ್ಯೂಜೆರ್ಸಿಯವರಿಗೆ ಪಿಸ್ಕಾಟವೇಯಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ವೃತ್ತಿಶಾಲೆ ಇದೆ. ಫೋನು ಮಾಡಿದಾಗ ಮೂರು ಪ್ರಶ್ನೆ ಕೇಳಿ: ಈ ರಾಜ್ಯದ ಲೈಸೆನ್ಸ್ ಇದೆಯೇ? ದೀರ್ಘಕಾಲದ ನೋವಿನವರನ್ನು ನೋಡಿದ ಅನುಭವವಿದೆಯೇ? ಮನೆಗೆಲಸ ಕೊಡುತ್ತೀರಾ? ಮೂರನೆಯದಕ್ಕೆ ಇಲ್ಲ ಎಂದರೆ ಅದು ಸಿಬಿಟಿ ಆಗಿರಲಾರದು. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿಗಳು. ನನ್ನದು ಹತ್ತು, ಅದರಲ್ಲಿ ಆರು ವಿಡಿಯೋದಲ್ಲೇ ನಡೆದವು. ಅಷ್ಟು ಬಿಡುವಿಲ್ಲದವರಿಗೂ ಆಸೆಯಿದೆ. ಸ್ಟ್ಯಾನ್‌ಫರ್ಡಿನ ಬೆತ್ ಡಾರ್ನಲ್ ಮತ್ತು ಸಂಗಡಿಗರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೊಂಟನೋವಿನವರಿಗೆ ಎರಡು ಗಂಟೆಯ ಒಂದೇ ಒಂದು ತರಗತಿ ಎಂಟು ವಾರದ ಸಿಬಿಟಿಗೆ ಮೂರು ತಿಂಗಳ ನಂತರವೂ ಹೆಚ್ಚು ಹಿಂದೆ ಬೀಳಲಿಲ್ಲ.

ಕೊನೆಗೆ ಮದುವೆಯ ವಿಷಯ

ಅಕ್ಕನ ಎರಡನೆಯ ಮಗಳ ಮದುವೆ ೨೦೨೫ರ ಫೆಬ್ರವರಿಗೆ ಗೊತ್ತಾಯಿತು. ಅಷ್ಟರಲ್ಲಿ ನನ್ನ ಗಡಿಯಾರ ೬೦ ನಿಮಿಷ ದಾಟಿತ್ತು. ಅಭ್ಯಾಸಕ್ಕೆಂದು ಹಿಂದಿನ ಬೇಸಿಗೆಯಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಕಾರಿನಲ್ಲಿ ಹೋಗಿಬಂದೆವು, ಐವತ್ತು ನಿಮಿಷಕ್ಕೊಮ್ಮೆ ಇಳಿದು ನಡೆಯುತ್ತಾ. ವಿಮಾನದಲ್ಲಿ ಓಣಿಯ ಪಕ್ಕದ ಸೀಟು ತೆಗೆದುಕೊಂಡು, ಮುಕ್ಕಾಲು ಗಂಟೆಗೊಮ್ಮೆ ಎದ್ದು ಹಿಂದಿನ ತುದಿಯವರೆಗೆ ನಡೆದೆ. ಗಗನಸಖಿಯರು ನನ್ನನ್ನು ಕಂಡರೆ ನಗುತ್ತಿದ್ದರು. ನೋವು ಆರು, ಒಮ್ಮೊಮ್ಮೆ ಏಳು. ಅಟ್ಲಾಂಟಿಕ್ ಮೇಲೆ ಒಂದು ಸಲ "ಯಾಕಪ್ಪಾ ಬಂದೆ" ಎನಿಸಿದ್ದೂ ನಿಜ. ನೋಟುಪುಸ್ತಕದಲ್ಲಿ ಅದೂ ಇದೆ.

ಹಾಸನದ ಛತ್ರದಲ್ಲಿ ಧಾರೆಗೆ ಮುಂಚೆ ಅರ್ಧ ಗಂಟೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ಆಮೇಲೆ ಎದ್ದು, ಪಂಚೆ ಸರಿಮಾಡಿಕೊಂಡು, ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಬಂದೆ. ಮೂವತ್ತು ಹೆಜ್ಜೆ ಇರಬಹುದು. ದಾರಿಯಲ್ಲಿ ಅವಳು ಮೆಲ್ಲಗೆ "ಮಾಮ, ನೋಯ್ತಿದೆಯಾ?" ಎಂದಳು. "ಹೂಂ ಕಣಮ್ಮ, ನೋಯ್ತಿದೆ. ನಡಿ" ಎಂದೆ. ದೊಡ್ಡವಳು ಪಕ್ಕದಲ್ಲಿ ಕಳಶ ಹಿಡಿದು ನಿಂತಿದ್ದಳು. ಅವಳ ಮದುವೆಗೆ ನಾನು ಇರಲಿಲ್ಲ ಎನ್ನುವುದು ಯಾವ ಚಿಕಿತ್ಸೆಯಿಂದಲೂ ಸರಿಹೋಗುವಂಥದ್ದಲ್ಲ.

ನಿಮ್ಮ ಫ್ರಿಜ್ಜಿನ ಮೇಲೂ ಅಂಥದೊಂದು ಚೀಟಿ ಇದ್ದರೆ, ದಯವಿಟ್ಟು ನನ್ನಷ್ಟು ತಡಮಾಡಬೇಡಿ. ಯಾರಿಗಾದರೂ ಈ ಬಗ್ಗೆ ಮಾತಾಡಬೇಕೆನಿಸಿದರೆ ಮುಂದಿನ ಕಾರ್ಯಕ್ರಮದಲ್ಲಿ ಸಿಗುತ್ತೇನೆ. ಸಭಾಂಗಣದ ಹಿಂದಿನ ಗೋಡೆಗೆ ಒರಗಿ ನಿಂತಿರುವವನು, ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಹೋಗಿಬರುವವನು ನಾನೇ. ಕುರ್ಚಿ ಜೋಡಿಸುವುದಕ್ಕೂ ಬರುತ್ತೇನೆ. ಹತ್ತು ಕುರ್ಚಿಗೊಂದು ವಿರಾಮ ಕೊಡಬೇಕು, ಅಷ್ಟೆ.

ನಿಮ್ಮೆಲ್ಲರ ಆರೋಗ್ಯ ಚೆನ್ನಾಗಿರಲಿ.